ರಾಗದ ಹವ್ಯಾಸ

ಫೆಬ್ರವರಿ ಬಂತೆಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಕಣ್ಣಲ್ಲ, ಕಿವಿ. ಪ್ರೀತಿ, ಗೆಳೆತನದ ಪುಸ್ತಕಗಳೆಂದರೆ ಬೇರೆಯವರಿಗೆ ಮುಖಪುಟ ನೆನಪಾಗಬಹುದು, ಹಾಳೆಯ ವಾಸನೆ ನೆನಪಾಗಬಹುದು. ನನಗೆ ನೆನಪಾಗುವುದು ನಿಲಂಗಾದಲ್ಲಿರುವ ನನ್ನ ಗೆಳತಿಯ ಗಂಟಲು. ಅಳು ಬರುವ ಜಾಗ ಹತ್ತಿರವಾದಾಗ ಅವಳು ಸುಮ್ಮಸುಮ್ಮನೆ ಕೆಮ್ಮಿ, "ಧೂಳ ಭಾಳ ಅದ ನೋಡ" ಎಂದು ಸುಳ್ಳು ಹೇಳಿ ಮುಂದಿನ ಸಾಲಿಗೆ ಹೋಗುತ್ತಾಳೆ.

ನಮ್ಮದು ಉಮರ್ಗಾ, ಮಹಾರಾಷ್ಟ್ರದ ಗಡಿಯೊಳಗಿನ ಊರು. ಅಪ್ಪನ ಹೊಲ ಮಾಕಣಿ ಅಣೆಕಟ್ಟಿನ ಕಡೆ. ನಾನು ಲೋಹಾರಾದ ಒಂದು ಟ್ಯೂಷನ್ ಕ್ಲಾಸಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಆದರೆ ಶಾಲೆ ಮರಾಠಿ. ಹಾಗಾಗಿ ಕನ್ನಡದಲ್ಲಿ ನಗಲು, ಜಗಳಾಡಲು, ಲಿಂಗಪೂಜೆಯ ಹೊತ್ತಿಗೆ ಅಪ್ಪನ ಜೊತೆ ದನಿಗೂಡಿಸಲು ಎಲ್ಲ ಬರುತ್ತಿತ್ತು, ಅಕ್ಷರ ಒಂದು ಬರುತ್ತಿರಲಿಲ್ಲ. ಇಲ್ಲಿ ಬರೆಯುತ್ತಿರುವ ಅಕ್ಷರಗಳೆಲ್ಲ ಆಮೇಲೆ ಕಲಿತವು. ಆಗ ನನಗೆ ಕನ್ನಡ ಪುಸ್ತಕವೆಂದರೆ ಬೀಗ ಹಾಕಿದ ತವರುಮನೆ ಇದ್ದಹಾಗೆ.

ಬೀಗ ತೆಗೆದವಳು ಈ ಗೆಳತಿ. ಭಾಲ್ಕಿ ಕಡೆಯವಳು, ಕನ್ನಡ ಶಾಲೆಯಲ್ಲಿ ಓದಿದವಳು, ಮದುವೆಯಾಗಿ ನಿಲಂಗಾಕ್ಕೆ ಬಂದು ಗಂಡನ ಜೊತೆ ಪುಸ್ತಕ, ಪೆನ್ನು, ಉಡುಗೊರೆಗಳ ಅಂಗಡಿ ನಡೆಸುತ್ತಾಳೆ. ಒಂದು ಕಾಲಕ್ಕೆ ನಾನೂ ನಿಲಂಗಾದಲ್ಲೇ ಕೆಲಸ ಮಾಡುತ್ತಿದ್ದೆ. ಸೀಮೆಸುಣ್ಣ ತರಲು ಹೋದವಳು ಅವಳ ಕೈಯಲ್ಲಿದ್ದ ಕಾದಂಬರಿ ಕಂಡು "ಏನದ ಅದರಾಗ?" ಎಂದೆ. ಅವಳು ಗಿರಾಕಿಗಳನ್ನು ನಿಲ್ಲಿಸಿಕೊಂಡು ಎರಡು ಪುಟ ಓದಿದಳು. ಸೀಮೆಸುಣ್ಣ ಮರೆತು ಬಂದೆ. ನಾನು ಉಮರ್ಗಾಕ್ಕೆ ವಾಪಸಾದ ಮೇಲೂ ಓದು ನಿಲ್ಲಲಿಲ್ಲ. ಅಂಗಡಿಯಲ್ಲಿ ಜನ ಇಲ್ಲದಾಗ ಅವಳು ಓದಿ ಮೊಬೈಲಿಗೆ ದನಿ ಕಳಿಸುತ್ತಿದ್ದಳು, ಲೋಹಾರಾ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ನಾನು ಕೇಳುತ್ತಿದ್ದೆ. ಬದಲಿಗೆ ನಾನು ಮರಾಠಿ ಪುಸ್ತಕ ಓದಿ ಕಳಿಸುತ್ತಿದ್ದೆ. ವರ್ಷವಿಡೀ ಏನಾದರೂ ಓದಿಕೊಳ್ಳಲಿ, ಫೆಬ್ರವರಿಗೆ ಮಾತ್ರ ಪ್ರೀತಿ ಮತ್ತು ಗೆಳೆತನ, ಬೇರೆ ಏನೂ ಕೂಡದು ಎಂಬುದು ನಮ್ಮ ಕಾನೂನು.

ಎಂಥೆಂಥ ಪುಸ್ತಕ ಕೇಳಿದ್ದೇನೆ! ಒಂದರಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಮಾತು ಬಿಟ್ಟಿರುತ್ತಾರೆ. ಮಾತು ಬಿಟ್ಟರೂ ನಡುಗೋಡೆಯ ಮೇಲೆ ಪಲ್ಯದ ಬಟ್ಟಲು ಇಡುವುದನ್ನು ಬಿಡುವುದಿಲ್ಲ. ಅದರ ಕೊನೆಯ ಅಧ್ಯಾಯ ಕೇಳಿ ಅಳುತ್ತ ನಾನು ಲೋಹಾರಾದಲ್ಲಿ ಇಳಿಯುವುದನ್ನೇ ಮರೆತೆ. ಕಂಡಕ್ಟರ್ ಬಂದು "ತಾಯಿ, ಯಾರ ಹೋದ್ರು?" ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದ. ಇನ್ನೊಂದು ಮರಾಠಿಯದು, ತಲೆ ನರೆತ ಮೇಲೆ ಮದುವೆಯಾಗಲು ಹೊರಟ ಗಂಡಸಿನ ಕತೆ, ಅವನಿಗಿಂತ ಅವನ ಗೆಳೆಯನಿಗೇ ಗಡಿಬಿಡಿ ಜಾಸ್ತಿ. ಅದನ್ನು ನಾನು ಓದಿ ಕಳಿಸಿದಾಗ ಗೆಳತಿ ಅಂಗಡಿಯಲ್ಲಿ ಎಷ್ಟು ನಕ್ಕಳೆಂದರೆ ಗಿರಾಕಿಗಳು ಅವಳ ಗಂಡನನ್ನು ಅನುಮಾನದಿಂದ ನೋಡಿದರಂತೆ. ಬರೀ ಪ್ರೇಮಿಗಳೇ ತುಂಬಿಕೊಂಡ ಪುಸ್ತಕ ನನಗೆ ಸೇರುವುದಿಲ್ಲ, ಉಪ್ಪಿಲ್ಲದ ಸಾರು. ಹೋಗಿ ಹೇಳಿಕೊಳ್ಳಲು ಒಬ್ಬ ಗೆಳತಿ ಬೇಡವೇ? ಹೇಳಿಕೊಳ್ಳದೆ ಹೇಗೆ ಪ್ರೀತಿಸುತ್ತಾರೋ ದೇವರೇ ಬಲ್ಲ.

ನಾನು ಹೇಳಹೊರಟ ಆ ಫೆಬ್ರವರಿಯಲ್ಲೂ ಗೆಳತಿ ಅಂಗಡಿಯ ಮುಂದೆ ಮೇಜಿಟ್ಟು, ಕೆಂಪು ಕಾಗದ ಹಾಸಿ, ಟೆಡ್ಡಿ ಕರಡಿಗಳ ನಡುವೆ ಹಟಕ್ಕೆ ಪುಸ್ತಕ ಜೋಡಿಸಿದ್ದಳು. ಹುಡುಗರು ಕರಡಿ ಒಯ್ಯುತ್ತಿದ್ದರು. ಒಬ್ಬನಂತೂ ಪುಸ್ತಕ ಎತ್ತಿದನಲ್ಲ ಎಂದು ಇವಳು ಹಿಗ್ಗುವಷ್ಟರಲ್ಲಿ, ಅದರ ಅಡಿಯ ಕೆಂಪು ಕಾಗದ ಸಿಗಬಹುದೇ ಎಂದು ಕೇಳಿದನಂತೆ. ಅದೇ ಸಿಟ್ಟಿನಲ್ಲಿ ಅವಳು ನನಗೆ ಹೊಸ ಕಾದಂಬರಿ ಶುರುಮಾಡಿದಳು.

ಆ ಕಾದಂಬರಿಯ ನಾಯಕನನ್ನು ಕಂಡರೆ ನನಗಾಗುತ್ತಿರಲಿಲ್ಲ. ಸಂಜೆಯಾದರೆ ಅವನ ರಾಗ ಓಣಿಯೆಲ್ಲ ಕೇಳುತ್ತದೆ, ಎದುರುಮನೆಯ ಹುಡುಗಿ ಕಿಟಕಿ ತೆರೆದು ನಿಲ್ಲುತ್ತಾಳೆ. ಎಂಥ ದಡ್ಡಿ! ನಮ್ಮ ಕಡೆ ರಾಗ ಎಂದರೆ ಸಿಟ್ಟು. ಮರಾಠಿಯಿಂದ ಬಂದು ನಮ್ಮ ಕನ್ನಡದಲ್ಲಿ ಮನೆ ಮಾಡಿಕೊಂಡ ಮಾತು. ಹಾಡುಗಾರರಿಗೆ ಬೇರೆ ರಾಗವಿದೆ ಎಂದು ರೇಡಿಯೋ ಕೇಳಿದ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ "ರಾಗ ಬಂದದ" ಎಂದರೆ ಹಾರ್ಮೋನಿಯಂ ಹುಡುಕುವವರಿಲ್ಲ, ಸುಮ್ಮನೆ ಅಂಗಳಕ್ಕೆ ಜಾರಿಕೊಳ್ಳುತ್ತೇವೆ. ಕಿಟಕಿ ಮುಚ್ಚಿಕೋ ಹುಚ್ಚಿ ಎಂದು ನಾನು ಬಸ್ಸಿನಲ್ಲಿ ಕೂತು ಆ ಹುಡುಗಿಗೆ ಬೈಯುತ್ತಿದ್ದೆ. ಇಂಥವನನ್ನು ಯಾಕೆ ಪ್ರೀತಿಸುತ್ತಾಳೆ ಎಂಬುದೇ ಕತೆಯ ಸ್ವಾರಸ್ಯವಿರಬೇಕು ಎಂದುಕೊಂಡು ಮುಂದೆ ಕೇಳಿದೆ.

ಆ ಕಾದಂಬರಿ ಅರ್ಧದಲ್ಲಿದ್ದಾಗ ಸೋದರಮಾವ ನನಗೊಂದು ಗಂಡು ತಂದರು. ಹುಡುಗನ ಮನೆಯವರು ಈಚೆಗಷ್ಟೇ ಬೀದರ ಕಡೆಯಿಂದ ಬಂದು ಉದಗೀರದಲ್ಲಿ ನೆಲೆ ನಿಂತವರು, ಪೇಟೆಯಲ್ಲಿ ಭಾಂಡೆ ಅಂಗಡಿ, ಅಂದರೆ ಸ್ಟೀಲು ಹಿತ್ತಾಳೆ ಪಾತ್ರೆಗಳ ವ್ಯಾಪಾರ. ಹುಡುಗ ಕನ್ನಡ ಶಾಲೆಯಲ್ಲಿ ಓದಿದವನು. ಅವನು ತಾಯಿಯ ಜೊತೆ ನಮ್ಮ ಮನೆಗೆ ಬಂದ. ನಾನು ಪೋಹೆಯ, ಅಂದರೆ ಒಗ್ಗರಣೆ ಅವಲಕ್ಕಿಯ, ತಟ್ಟೆ ಕೊಟ್ಟು ಕೂತೆ. ಇಂಥ ಹೊತ್ತಿನಲ್ಲಿ ತಲೆ ತಗ್ಗಿಸಿ ಕೂಡುವ ಅಭ್ಯಾಸ ನನಗಿಲ್ಲ. ಬಂದವರೆಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವನಿಗೂ ಕೇಳಿದೆ. ಪ್ರೀತಿಯ ಮೇಲೆ ನಿಮಗೆ ಇಷ್ಟವಾದ ಪುಸ್ತಕ ಯಾವುದು? ಹಿಂದೆ ಬಂದವರಲ್ಲಿ ಒಬ್ಬ ಈ ಪ್ರಶ್ನೆಗೆ ಬೆವತಿದ್ದ, ಇನ್ನೊಬ್ಬ ಅಮ್ಮನ ಮುಖ ನೋಡಿದ್ದ.

ಇವನು ಚಮಚ ತಟ್ಟೆಯಲ್ಲಿಟ್ಟ. "ಒಂದ ಪುಸ್ತಕ ಅದರೀ. ಇಬ್ಬರು ಗೆಳ್ಯಾರು ಮುದುಕ್ರಾಗೋತನ ಒಂದೇ ಕಟ್ಟಿ ಮ್ಯಾಲ ಕುಂಡರತಾರ, ಅಷ್ಟೇ ಕಥಿ. ಅದರಾಗ ಲಗ್ನಿಲ್ಲ, ಹುಡುಗಿಲ್ಲ. ಆದ್ರ ನನಗ ಅದೇ ಪ್ರೀತಿ ಪುಸ್ತಕ ಅನಿಸ್ತದ" ಎಂದ.

ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ, ಅಲ್ಲೇ ಮನಸ್ಸು ಕೊಟ್ಟೆ. ಮಾತು ಮುಂದುವರಿಸುವ ಆತುರದಲ್ಲಿ, "ನನಗ ಪುಸ್ತಕದ ನಾದ ಭಾಳರೀ. ಮನ್ಯಾಗ ಬೈತಾರ" ಎಂದೆ. ನಾದ ಎಂದರೆ ನಮ್ಮಲ್ಲಿ ಚಟ. ಕುಡಿತದ ನಾದ, ಇಸ್ಪೀಟಿನ ನಾದ ಎನ್ನುವುದಿಲ್ಲವೇ, ಹಾಗೆ.

ಅವನ ಮುಖ ಅರಳಿತು. ಅಂಥ ಅರಳಿದ ಮುಖ ನಾನು ಹತ್ತಿರದಿಂದ ನೋಡಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಮಾತನ್ನು ಪುಸ್ತಕದಿಂದ ಎತ್ತಿ ತಂದವನ ಹಾಗೆ, "ನನಗೂ ರಾಗದ ಹವ್ಯಾಸ ಅದರೀ" ಎಂದ.

ರಾಗ ಏನೆಂದು ಹೇಳಿದೆನಲ್ಲ, ಇನ್ನು ಹವ್ಯಾಸ. ಮರಾಠಿ ಕಿವಿಗೆ ಹವ್ಯಾಸ ಎಂದರೆ ಹಪಾಹಪಿ, ಎಷ್ಟಾದರೂ ಸಾಲದೆ ಇನ್ನೂ ಬೇಕೆನ್ನುವ ದುರಾಸೆ. ಎರಡು ಮಾತೂ ಒಟ್ಟಿಗೆ ಕೂತ ಮೇಲೆ ಯಾವ ರೇಡಿಯೋ ನೆನಪಾಗುತ್ತದೆ? ಸಿಟ್ಟಿಗಾಗಿ ಹಾತೊರೆಯುವ ಗಂಡಸೊಬ್ಬ ನಮ್ಮ ಪಡಸಾಲೆಯಲ್ಲಿ ಕೂತು ಪೋಹೆ ತಿನ್ನುತ್ತಿದ್ದ.

ಅಪ್ಪ ಮೆಲ್ಲಗೆ ಕೇಳಿದರು. "ದಿನಾ?"

"ದಿನಾರೀ, ಸಂಜಿಕ. ಸಣ್ಣಾಂವಿದ್ದಾಗಿಂದ ಅದ. ನಮ್ಮಪ್ಪಂದಿಂದ ಬಂದದ್ದು."

"ಮತ್ತ ಮನ್ಯಾಗಿನವ್ರು?"

"ಅವರು ಬಾಗ್ಲಾ ಹಾಕ್ಕೋತಾರ" ಎಂದು ಅವನು ನಕ್ಕ. "ಮದಲ ಭಾಳ ಜೋರ ಇತ್ತರೀ, ಓಣಿ ಮಂದಿ ಬಂದು ಹೇಳಿ ಹೋಗ್ತಿದ್ರು. ಈಗ ಜರಾ ಹದಕ್ಕ ಬಂದದ."

"ಲಗ್ನಾದ ಮ್ಯಾಲ?" ಅಪ್ಪನ ದನಿ ಇನ್ನೂ ಇಳಿಯಿತು.

"ಲಗ್ನಾದ ಮ್ಯಾಲೂ ಬಿಡಂಗಿಲ್ಲರೀ. ಇವರೂ ಕಲಿತ್ರ ಇಬ್ಬರೂ ಕೂಡೇ ಮಾಡಬಹುದು." ನನ್ನ ಕಡೆ ನೋಡಿ ಹೇಳಿದ, ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ನನಗೆ ಅಳಬೇಕೋ ತಟ್ಟೆ ಎಸೆಯಬೇಕೋ ತಿಳಿಯಲಿಲ್ಲ.

ಅವರು ಹೋದ ಮೇಲೆ ಅಪ್ಪ ಬೇಡವೆಂದು ತಲೆಯಾಡಿಸಿದರು. ಅಪ್ಪನ ತಂಗಿಯನ್ನು ಕೊಟ್ಟ ಮನೆಯಲ್ಲಿ ಗಂಡಸರಿಗೆ ಸಿಟ್ಟೇ ಸಿಟ್ಟು. ಆ ಅತ್ತೆ ನಮ್ಮ ಮನೆಗೆ ಬಂದಾಗ ಗಾಳಿಗೆ ಬಾಗಿಲು ಬಡಿದರೂ ಬೆಚ್ಚುತ್ತಿದ್ದಳು. ಅದನ್ನು ನೋಡಿ ನೋಡಿ ಅಪ್ಪ ಮಗಳ ವಿಷಯದಲ್ಲಿ ಒಂದೇ ಒಂದು ಪಟ್ಟು ಹಿಡಿದಿದ್ದರು. ಹುಡುಗ ಬಡವನಿದ್ದರೂ ನಡೆದೀತು, ಸಿಟ್ಟಿನವನು ಬೇಡ. ಅವನೇ ಒಪ್ಪಿಕೊಂಡಿದ್ದಾನೆ, ನಗುನಗುತ್ತ ಒಪ್ಪಿಕೊಂಡಿದ್ದಾನೆ, ಏನೆಂದು ವಾದಿಸಲಿ? ಮನಸ್ಸು ಮಾತ್ರ ಆ ಕಟ್ಟೆಯ ಮೇಲೆ ಕೂತ ಇಬ್ಬರು ಮುದುಕರ ಹತ್ತಿರವೇ ಹೋಗಿ ಹೋಗಿ ಕೂಡುತ್ತಿತ್ತು.

ವ್ಯಾಲೆಂಟೈನ್ ದಿನದ ಬೆಳಿಗ್ಗೆ ಸೋದರಮಾವ ಮೋಟರ್ ಸೈಕಲ್ ಹತ್ತಿದರು. ನಮ್ಮ ಮನೆಯಲ್ಲಿ ಬೇಡವೆನ್ನುವುದನ್ನು ಫೋನಿನಲ್ಲಿ ಹೇಳುವುದಿಲ್ಲ, ಅದು ಹೆಣ್ಣು ನೋಡಲು ಬಂದವರಿಗೆ ಅವಮಾನ. ಎದುರಿಗೆ ಹೋಗಿ, ಕೈ ಮುಗಿದು ಹೇಳಬೇಕು. ಒಮ್ಮೆ ಹಾಗೆ ಹೇಳಿ ಬಂದರೆ ಮುಗಿಯಿತು, ಮತ್ತೆ ಆ ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಮಾವ ಉದಗೀರದ ದಾರಿ ಹಿಡಿದರು, ಅಪ್ಪ ಹೊಲಕ್ಕೆ ಹೋದರು. ನಾನು ಮಾಳಿಗೆ ಹತ್ತಿ ಗೆಳತಿಗೆ ದನಿ ಕಳಿಸಿದೆ, ಅಷ್ಟು ದಿನದ ಸಿಟ್ಟೆಲ್ಲ ಅವಳ ಮೇಲೆ ಹೋಯಿತು. "ನಿನ್ನ ಕಾದಂಬರಿ ನೀನೇ ಇಟ್ಕೋ! ಅಂವಗ ಸಂಜಿಕ ರಾಗ, ಇಂವಗೂ ಸಂಜಿಕ ರಾಗ. ಪುಸ್ತಕದಾಗಿನ ಕೆಟ್ಟ ಗಂಡಸು ನಮ್ಮನಿಗೇ ಬಂದು ರಾಗದ ಹವ್ಯಾಸ ಅದ ಅಂತ ಹೇಳಿ ಹೋದ. ಮಾವ 'ಬ್ಯಾಡ' ಅನ್ಲಕ್ಕ ಹೊಂಟಾರ."

ಕೂಡಲೇ ಫೋನು ಬಂತು. ಆ ಕಡೆಯಿಂದ ಮೊದಲು ನಗು ಮಾತ್ರ. ಆಮೇಲೆ ಕೆಮ್ಮು, ಮತ್ತೆ ನಗು.

"ನಗಬ್ಯಾಡ, ನಾ ಸಾಯ್ಲತೀನಿ ಇಲ್ಲಿ" ಎಂದೆ.

"ಅಗ್ಗಬಾಯಿ, ಹುಚ್ಚಿ! ರಾಗ ಅಂದ್ರ ಹಾಡೋದು. ಆ ಕಾದಂಬರ್ಯಾಗಿಂವ ಹಾಡಾಂವ. ಹವ್ಯಾಸ ಅಂದ್ರ ಖುಷಿಗಿ ಮಾಡೋ ಕೆಲಸ, ಮರಾಠ್ಯಾಗ ಛಂದ ಅಂತೀರಲ್ಲ ಅದು. ಕನ್ನಡ ಸಾಲ್ಯಾಗ 'ನಿಮ್ಮ ಹವ್ಯಾಸ ಏನು' ಅಂತ ಪರೀಕ್ಷಾದಾಗೇ ಕೇಳ್ತಾರ. ನಿಮ್ಮನಿಗಿ ಬಂದಾಂವ ಹಾಡ್ತಾನ ಅಷ್ಟೇ!"

ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ, ಓಣಿಯವರು ಬಂದು ಹೇಳಿ ಹೋಗುತ್ತಾರೆ, ಅಪ್ಪನಿಂದ ಬಂದದ್ದು, ಇಬ್ಬರೂ ಕೂಡಿ ಮಾಡಬಹುದು! ಒಂದೊಂದು ಮಾತೂ ಮಗ್ಗುಲು ಬದಲಿಸಿ ನಗತೊಡಗಿತು. ನಾನೂ ನಕ್ಕೆ, ನಗುತ್ತಲೇ ಮಾವನಿಗೆ ಫೋನು ಮಾಡಿದೆ. ಬಂದ್. ಗಾಡಿ ಹೊಡೆಯುವಾಗ ಬ್ಯಾಟರಿ ಖರ್ಚಾಗಬಾರದೆಂದು ಮಾವ ಫೋನು ಮುಚ್ಚಿಡುತ್ತಾರೆ. ಅಪ್ಪನ ಹೊಲದಲ್ಲಿ ಆಗ ಫೋನು ಸಿಗುವುದೇ ಕಷ್ಟ. ಹುಡುಗನ ನಂಬರು ಮಾವನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಇಲ್ಲ.

"ಬಸ್ ಹಿಡಿ!" ಎಂದು ಗೆಳತಿ ಕೂಗಿದಳು. "ನಾ ನಿಲಂಗಾ ಸ್ಟ್ಯಾಂಡಿನ್ಯಾಗ ಇರ್ತೀನಿ."

ಕ್ಲಾಸಿಗೆ ರಜೆ ಹೇಳಿ, ಅವ್ವನಿಗೆ "ನಿಲಂಗಾಕ್ಕ ಹೋಗಿ ಬರ್ತೀನಿ" ಎಂದು ಅರ್ಧ ನಿಜ ಹೇಳಿ ಓಡಿದೆ. ಬಸ್ಸು ನಿಲ್ಲುವಲ್ಲೆಲ್ಲ ನಿಂತು, ನಿಲ್ಲಬಾರದಲ್ಲೂ ನಿಂತು ಹೋಯಿತು. ಕಿಟಕಿಯಿಂದ ಎಲ್ಲ ಮೋಟರ್ ಸೈಕಲ್ ಸವಾರರನ್ನೂ ಇಣುಕಿ ನೋಡಿದೆ, ಒಬ್ಬ ನನ್ನನ್ನು ನೋಡಿ ಹಲ್ಲು ಕಿರಿದ. ನಿಲಂಗಾದಲ್ಲಿ ಗೆಳತಿ ಕರಡಿಗಳ ಮೇಜನ್ನು ಗಂಡನಿಗೆ ಒಪ್ಪಿಸಿ ಬಂದು ನಿಂತಿದ್ದಳು, ಕೂದಲಲ್ಲಿ ಕೆಂಪು ಕಾಗದದ ತುಂಡು. ವರ್ಷವಿಡೀ ಅವಳ ವ್ಯಾಪಾರ ಚೆನ್ನಾಗಿ ಆಗುವ ದಿನ ಅದೊಂದೇ. "ನಿನ್ನ ಅಂಗಡಿ?" ಎಂದೆ. "ಅಂಗಡಿ ನಾಳಿನೂ ಇರ್ತದ, ಹತ್ತ ನೀ" ಎಂದು ನನ್ನನ್ನು ಉದಗೀರದ ಬಸ್ಸಿಗೆ ತಳ್ಳಿ ತಾನೂ ಹತ್ತಿದಳು. ಗೆಳೆತನದ ಪುಸ್ತಕ ನೂರು ಕೇಳಿದ್ದೆ. ಆ ತಳ್ಳುವಿಕೆಗೆ ಸಮ ಬರುವ ಪುಟ ಇನ್ನೂ ಸಿಕ್ಕಿಲ್ಲ.

ದಾರಿಯುದ್ದಕ್ಕೂ ಅವಳು ಕಾದಂಬರಿಯ ಉಳಿದ ಅರ್ಧ ಹೇಳಿದಳು. ಈಗ ನನಗೆ ಎದುರುಮನೆಯ ಹುಡುಗಿ ದಡ್ಡಿಯಾಗಿ ಕಾಣಲಿಲ್ಲ. ಕಿಟಕಿ ಇನ್ನಷ್ಟು ತೆಗೆಯೇ ಅನ್ನಿಸಿತು. ಆದರೆ ಉದಗೀರ ಹತ್ತಿರವಾದಂತೆ ಕತೆ ಕಿವಿಗೆ ಬೀಳದಾಯಿತು. ಮಾವ ಮುಟ್ಟಿಬಿಟ್ಟಿದ್ದರೆ? ಕೈ ಮುಗಿದು ಹೇಳಿಬಿಟ್ಟಿದ್ದರೆ? ಹುಡುಗಿಯ ಕಡೆಯವರೇ ಬೇಡ ಎಂದ ಮನೆಗೆ ಹುಡುಗಿ ಯಾವ ಮುಖ ಹೊತ್ತು ಹೋಗುವುದು?

ಪೇಟೆಯಲ್ಲಿ ಭಾಂಡೆ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ, ಸದ್ದೇ ದಾರಿ ತೋರಿಸಿತು. ಲಗ್ನದ ದಿನಗಳು, ಜನ ಕೊಡ ಬಡಿದು ನೋಡುತ್ತಿದ್ದರು. ಅವನು ಒಳಗೆ ಹಿಟ್ಟು ಕಲೆಸುವ ಪರಾತಗಳನ್ನು ಒರೆಸಿ ಇಡುತ್ತಿದ್ದ. ನನ್ನನ್ನು ನೋಡಿ ಕೈಯಲ್ಲಿದ್ದದ್ದು ಹಾಗೇ ನಿಂತಿತು.

"ನಮ್ಮ ಮಾವ ಬಂದಿದ್ರೇನು?" ಎಂದೆ, ನಮಸ್ಕಾರ ಕೂಡ ಹೇಳದೆ.

"ಇಲ್ಲರೀ. ಯಾಕ, ಬರೋರಿದ್ರೇನು?"

ಜೀವ ಬಂತು. ಆಮೇಲೆ ತಿಳಿಯಿತು, ಮಾವ ದಾರಿಯಲ್ಲಿ ಔರಾದ ಶಹಾಜನಿಯ ಸಂತೆಯಲ್ಲಿ ಒಂದು ಎಮ್ಮೆಯ ಹಲ್ಲು ನೋಡುತ್ತ ನಿಂತುಬಿಟ್ಟಿದ್ದರು. ಆ ಎಮ್ಮೆಗೆ ನಾನು ಇಂದಿಗೂ ಋಣಿ.

"ನೀವು ಸಂಜಿಕ ಏನ ಮಾಡ್ತೀರಿ? ಬಿಚ್ಚಿ ಹೇಳ್ರಿ" ಎಂದು ಕೇಳಿದೆ.

ಅವನು ಗೆಳತಿಯ ಕಡೆ ನೋಡಿದ, ಮತ್ತೆ ನನ್ನ ಕಡೆ. "ಹೇಳಿದ್ನಲ್ಲರೀ. ಹಾರ್ಮೋನಿಯಂ ತಗೊಂಡು ಕುಂಡರತೀನಿ. ಸ್ವರ ಸರಿ ಹತ್ತಂಗಿಲ್ಲ, ಆದ್ರೂ ಹಾಡ್ತೀನಿ."

ನಾನು ಎಲ್ಲ ಹೇಳಿದೆ. ರಾಗ ಏನಾಗಿ ಕೇಳಿಸಿತು, ಹವ್ಯಾಸ ಏನಾಯಿತು, ಅಪ್ಪನ ತಂಗಿ, ಮಾವನ ಮೋಟರ್ ಸೈಕಲ್, ಎಲ್ಲ. ಅವನು ಪರಾತ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. ಆಮೇಲೆ, "ನೀವೇ ಮದಲ ಅಂದಿದ್ದಕ್ಕ ನಾ ಹೇಳಿದ್ದು. ಪುಸ್ತಕದ ನಾದ ಭಾಳ ಅಂದ್ರಲ್ಲ. ಪುಸ್ತಕಕ್ಕ ನಾದ ಇರ್ತದ ಅನ್ನೋ ಹುಡುಗಿ ನಾ ನೋಡೇ ಇಲ್ಲರೀ. ಮನಿಗಿ ಬಂದು ಅದನ್ನೇ ನೆನಸ್ಕೋತ ಕೂತಿದ್ದೆ" ಎಂದ.

ಗೆಳತಿಗೆ ತಡೆಯಲಾಗಲಿಲ್ಲ. "ಅಯ್ಯ, ಇವರ ಕಡಿ ನಾದ ಅಂದ್ರ ಚಟ ಅಂತರೀ. ಆಕಿಗಿ ಪುಸ್ತಕದ ಚಟ, ಅದನ್ನೇ ಅಂದಾಳ!"

ಅವನ ನಗು ಅಲ್ಲೇ ಆರಿತು. ಚಿಕ್ಕ ದನಿಯಲ್ಲಿ, "ಅಂದ್ರ ನೀವು ಆ ಮಾತ ಅಂದೇ ಇಲ್ಲೇನು?" ಎಂದ. ಅಲ್ಲಿಯವರೆಗೆ ನಾನು ಹೆದರಿದ್ದು ಮಾವನಿಗೆ. ಈಗ ನಿಜವಾದ ಹೆದರಿಕೆ ಹುಟ್ಟಿತು. ಅವನು ಮೆಚ್ಚಿದ್ದು ನಾನು ಆಡದ ಮಾತನ್ನು.

ಮೊಬೈಲು ತೆಗೆದು ಅವನ ಕೈಗೆ ಕೊಟ್ಟೆ. ಪರದೆಯ ತುಂಬ ಗೆಳತಿ ಕಳಿಸಿದ ದನಿಗಳು, ಮೇಲೆ ಸರಿಸಿದಷ್ಟೂ ಮುಗಿಯದು. ಒಂದನ್ನು ಒತ್ತಿದೆ. ಭಾಂಡೆಗಳ ಸದ್ದಿನ ನಡುವೆ ಅವಳ ದನಿ, ಗೋಡೆಯ ಮೇಲೆ ಪಲ್ಯದ ಬಟ್ಟಲಿಟ್ಟ ಹೆಂಗಸಿನ ಕತೆ, ಆ ಸುಳ್ಳು ಕೆಮ್ಮು. "ನನಗ ಕನ್ನಡ ಅಕ್ಷರ ಬರಂಗಿಲ್ಲರೀ" ಎಂದೆ. "ನಾ ಕನ್ನಡ ಪುಸ್ತಕ ಒಂದೂ ಓದಿಲ್ಲ. ಎಲ್ಲಾ ಈಕಿ ದನಿಯಾಗ ಕೇಳೀನಿ. ಅಂದಿಲ್ಲ ಖರೆ. ಆದ್ರ ಸುಳ್ಳಂತೂ ಅಲ್ಲ."

ಅವನು ಆ ಅಧ್ಯಾಯ ಮುಗಿಯುವವರೆಗೆ ನಿಂತು ಕೇಳಿದ. ಗಿರಾಕಿಯೊಬ್ಬರು ಕೊಡದ ಬೆಲೆ ಕೇಳಿದರೆ ಕೈ ಅಡ್ಡ ಹಿಡಿದು "ಒಂದ ಮಿನಿಟ" ಎಂದ. ಮುಗಿದ ಮೇಲೆ ಮೊಬೈಲು ವಾಪಸು ಕೊಡುತ್ತ, "ಮುಂದ ಏನಾತರೀ?" ಎಂದು ಕೇಳಿದ. ಗೆಳತಿ ನನ್ನ ಸೊಂಟಕ್ಕೆ ಚಿವುಟಿದಳು.

ಅಷ್ಟರಲ್ಲಿ ಮೋಟರ್ ಸೈಕಲ್ ಬಂದು ನಿಂತಿತು. ಧೂಳು ಮೆತ್ತಿದ ಮಾವ ಕೈ ಮುಗಿಯಲು ಸಿದ್ಧರಾಗಿ ಒಳಗೆ ಬಂದವರು, ಭಾಂಡೆಗಳ ನಡುವೆ ನನ್ನನ್ನು ಕಂಡು ಮುಗಿದ ಕೈ ಬಿಡುವುದನ್ನೂ ಮರೆತರು. "ನೀ ಇಲ್ಲಿ ಹ್ಯಾಂಗ ಬಂದಿ?" ಎಂದರು. ನಾನು ಅಪ್ಪನಿಗೆ ಫೋನು ಹಚ್ಚಿದೆ. ಪುಣ್ಯಕ್ಕೆ ಹೊಲದಿಂದ ರಸ್ತೆಗೆ ಬಂದಿದ್ದರು, ಎತ್ತಿದರು. ಒಂದೇ ಉಸಿರಿಗೆ ಎಲ್ಲ ಹೇಳಿದೆ.

ಅಪ್ಪ ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ಅಂವಗ ಖರೇನೇ ಸಿಟ್ಟು ಬರಂಗಿಲ್ಲೇನು? ಕೇಳು" ಎಂದರು.

ಕೇಳಿದೆ. ಅವನು ಯೋಚಿಸಿ, "ಬರ್ತದರೀ, ಎಲ್ಲಾರಿಗಿ ಬಂದಂಗ. ಬಂದ್ರ ಅಂಗಡಿ ಬಿಟ್ಟು ಒಂದ ಸುತ್ತ ಹೊಡದ ಬರ್ತೀನಿ" ಎಂದ. ಹಾಗೆಯೇ ಅಪ್ಪನಿಗೆ ಒಪ್ಪಿಸಿದೆ.

"ಮಾವಗ ಕೊಡಲಿ ಏನು ಫೋನು? ಅವರು ಹೇಳ್ತಾರ" ಎಂದೆ.

"ಮಾವಗ ಕಳಿಸಿದ್ದು 'ಬ್ಯಾಡ' ಅನ್ಲಕ್ಕ" ಎಂದರು ಅಪ್ಪ. "ಬಸ್ ಹಿಡದು ಅಲ್ಲಿತನ ಹೋದಾಕಿ ನೀ. ಇನ್ನೊಂದ ಮಾತು ನೀನೇ ಹೇಳವ್ವ."

ನಮ್ಮಲ್ಲಿ ಯಾವ ಹುಡುಗಿಯೂ ಒಪ್ಪಿಗೆಯ ಮಾತನ್ನು ತಾನೇ ಹೇಳಿದ್ದು ನಾನು ಕೇಳಿರಲಿಲ್ಲ. ಮಾವ, ಗೆಳತಿ, ಕೊಡ ಹಿಡಿದ ಗಿರಾಕಿ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಮಾತು ಹುಡುಕಿದೆ, ಮರಾಠಿಯಲ್ಲಿ ಒಂದು ಅರ್ಥ ಕನ್ನಡದಲ್ಲಿ ಇನ್ನೊಂದು ಆಗದಂಥದ್ದು. ಅವನ ಮುಖ ನೋಡಿ "ಹೂಂ" ಎಂದೆ.

ಹಿಂದೆ ಯಾರೋ ಹಂಡೆ ಕೆಡವಿದರು. ಅವನು ಕಿವಿಯ ಹಿಂದೆ ಕೈ ಇಟ್ಟು ಮುಂದೆ ಬಾಗಿ, "ಏನಂದ್ರಿ?" ಎಂದ.

ನಾನು ಇನ್ನೊಮ್ಮೆ ಅಂದೆ, ಓಣಿಗೆಲ್ಲ ಕೇಳುವ ಹಾಗೆ.